ಒಂದೇ ದಿನದಲ್ಲಿ ಬೆಟ್ಟದ ಬುಡದಿಂದ ತುದಿವರೆಗೆ ಹತ್ತಿದರೆ ಜಾಸ್ತಿ ಹಕ್ಕಿ ಕಾಣುತ್ತವೆಯೇ?

ಉಷ್ಣವಲಯದ ಬೆಟ್ಟದಲ್ಲಿ ಎತ್ತರಕ್ಕೆ ತಕ್ಕಂತೆ ಹಕ್ಕಿಗಳು ಬದಲಾಗುತ್ತವೆ, ಹಾಗಾಗಿ ಬೇಗ ಬೇಗ ಹತ್ತಿದರೆ ಎಲ್ಲವೂ ಸಿಗಬೇಕಲ್ವಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೊರಟಿದ್ದೆ. ಮೋಡ ಕವಿಯುವ ಮೊದಲೇ ತುದಿಯ ಪಾಚಿಗಟ್ಟಿದ ಕುಳ್ಳ ಕಾಡು ಸೇರಬೇಕು ಅಂತ ಕತ್ತಲಲ್ಲೇ ಟಾರ್ಚ್ ಹಿಡಿದು ಹತ್ತತೊಡಗಿದೆ.

ಬೆಳಕು ಹರಿದಾಗ ಕಡಿದಾದ ಏರಿನಲ್ಲಿದ್ದೆ. ಕಣ್ಣು ಕಾಲಬುಡದಲ್ಲಿ, ಕಿವಿಯಲ್ಲಿ ನನ್ನದೇ ಏದುಸಿರು. ಒಂದು ತಿರುವಿನಲ್ಲಿ ಭೀಮರಾಜ, ಅಂದರೆ ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಪ್ಪು ಹಕ್ಕಿ, ಕೂಗಿತು. ಅದನ್ನು ಎಷ್ಟೋ ಸಲ ನೋಡಿದ್ದೇನೆ ಅಂದುಕೊಂಡು ನಿಲ್ಲದೆ ಮುಂದೆ ಹೋದೆ.

ನಾನು ಕೆಟ್ಟಿದ್ದೇ ಅಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭೀಮರಾಜ ಸಾಮಾನ್ಯವಾಗಿ ಬೇರೆ ಬೇರೆ ಜಾತಿಯ ಹಕ್ಕಿಗಳ ತಂಡದ ಜೊತೆ ತಿರುಗುತ್ತದೆ. ಹರಟೆಮಲ್ಲಗಳು ಪೊದೆ ಕೆದಕುತ್ತವೆ, ಮರಕುಟಿಗ ತೊಗಟೆ ಬಡಿಯುತ್ತದೆ, ಚಿತ್ರಪಕ್ಷಿಗಳು ಮೇಲಿನ ಎಲೆಗಳಲ್ಲಿ ಹುಡುಕುತ್ತವೆ. ಬೆದರಿ ಹಾರಿದ ಹುಳಗಳನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಗಿಡುಗ ಬಂದರೆ ಕೂಗಿ ಎಚ್ಚರಿಸುವುದೂ ಅದೇ. ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಅವನ್ನು ತಂಡಕ್ಕೆ ಸೆಳೆಯುತ್ತದೆ ಅಂತ ಶ್ರೀಲಂಕಾದ ಕಾಡಿನಲ್ಲಿ ನಡೆದ ಅಧ್ಯಯನ ತೋರಿಸಿದೆ. ಅಂದರೆ ಆ ಕೂಗು ಕೇಳಿದರೆ ಸುತ್ತಮುತ್ತ ಒಂದಿಡೀ ತಂಡ ಇರಬಹುದು. ಅದು ಒಂದು ಜಾಗ ದಾಟಲು ಕೆಲವೇ ನಿಮಿಷ ಸಾಕು. ಆಮೇಲೆ ಗಂಟೆಗಟ್ಟಲೆ ಕಾಡು ಖಾಲಿ ಅನಿಸುತ್ತದೆ.

ತುದಿಯಲ್ಲಿ ಹತ್ತು ಹೆಜ್ಜೆ ಆಚೆ ಏನೂ ಕಾಣದಷ್ಟು ಮಂಜು. ಇಳಿಯುವಾಗ ಅದೇ ತಿರುವಿನಲ್ಲಿ ಇಬ್ಬರು ಕೂತಿದ್ದರು. ಬೆಳಗಿನಿಂದ ಅಲ್ಲೇ ಇದ್ದರಂತೆ. ಅವರ ಪಟ್ಟಿಯಲ್ಲಿ ಕಾಕರಣೆಯೂ (ಟ್ರೋಗನ್) ಇತ್ತು. ನಾನು ಅಷ್ಟು ದೂರ ಹೋಗಿದ್ದೇ ಆ ಹಕ್ಕಿಗಾಗಿ! ಅದು ಅಲುಗಾಡದೆ, ಎಷ್ಟೋ ಸಲ ಬೆನ್ನು ತಿರುಗಿಸಿ ಕೂರುತ್ತದೆ. ಓಡುವವರಿಗೆ ಕಾಣುವುದಿಲ್ಲ.

ಹಾಗಾಗಿ "ಎಷ್ಟು ಎತ್ತರ ಹತ್ತಲಿ" ಅನ್ನುವ ಪ್ರಶ್ನೆಯನ್ನೇ ಬಿಡಿ. ಒಂದು ಬೆಳಿಗ್ಗೆಗೆ ಒಂದೇ ಎತ್ತರ ಸಾಕು. ಇಳಿಜಾರಿನ ಅಂಚಿನಲ್ಲಿರುವ ತಿರುವು ಹುಡುಕಿ. ಅಲ್ಲಿ ಕೆಳಗಿನ ಮರಗಳ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕತ್ತು ನೋಯುವುದಿಲ್ಲ. ಹಣ್ಣು ಬಿಟ್ಟ ಅತ್ತಿ ಅಥವಾ ಆಲದ ಜಾತಿಯ ಮರ ಸಿಕ್ಕರೆ ಇನ್ನೂ ಒಳ್ಳೆಯದು. ತಂಡ ಬಂದಾಗ ಪುಸ್ತಕ ತೆರೆಯಬೇಡಿ, ನೋಡುತ್ತಲೇ ಇರಿ. ಬೈನಾಕುಲರ್ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಅದರಲ್ಲೂ ತುದಿಯಲ್ಲಿ ಬೇಡವೇ ಬೇಡ. ಪೆರುವಿನ ಪಾಂಟಿಯಾಕೋಯಾ ಬೆಟ್ಟದ ತುದಿಯಲ್ಲಿ 1985ರಲ್ಲಿ ಕಂಡಿದ್ದ ಕೆಲವು ಜಾತಿಗಳು 2017ರಲ್ಲಿ ಹುಡುಕಿದಾಗ ಸಿಗಲೇ ಇಲ್ಲ. ಬಿಸಿ ಹೆಚ್ಚಿದಂತೆ ಹಕ್ಕಿಗಳು ಮೇಲಕ್ಕೆ ಸರಿಯುತ್ತಿವೆ, ತುದಿಯಲ್ಲಿರುವವಕ್ಕೆ ಹೋಗಲು ಜಾಗವೇ ಇಲ್ಲ. ಅಂಥವನ್ನು ನಾವು ಸುಮ್ನೆ ಕಾಡುವುದು ತಪ್ಪು.

ತುದಿಯ ಹಕ್ಕಿಗಳು ಬೇಕೇ ಬೇಕು ಅಂದರೆ ಹಿಂದಿನ ದಿನವೇ ಹತ್ತಿ, ಅನುಮತಿ ಇರುವ ಕಡೆ ತಂಗಿ, ಬೆಳಗಾಗುವಾಗ ಅಲ್ಲೇ ಇರಿ. ತಂಗಲು ಆಗದಿದ್ದರೆ ಈ ಸಲಕ್ಕೆ ತುದಿಯನ್ನು ಬಿಟ್ಟು ನಡುಬೆಟ್ಟದಲ್ಲೇ ಕೂತುಕೊಳ್ಳಿ.