ಆಯ ತಪ್ಪಿದ್ದು ಯಾರದು?

ಓದುಗರ ಪತ್ರ: ‘ಮೇಂಟೆನೆನ್ಸ್ ವಿಭಾಗದಲ್ಲಿ 22 ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ಏಣಿಯಿಂದ ಬಿದ್ದ ಎಷ್ಟೋ ಹುಡುಗರನ್ನು ಆಸ್ಪತ್ರೆಗೆ ಸೇರಿಸಿದ್ದೇನೆ. ಎಲ್ಲದಕ್ಕೂ ಕಾರಣ ಒಂದೇ, ಅಜಾಗರೂಕತೆ. ತರಬೇತಿ ಕೊಟ್ಟಿದ್ದೇವೆ, ಗೋಡೆ ತುಂಬ ಪೋಸ್ಟರ್ ಅಂಟಿಸಿದ್ದೇವೆ. ಕೇಳುವುದಿಲ್ಲ. ಟೆಕ್ನೀಷಿಯನ್‌ಗಳಿಗೆ ಬುದ್ಧಿ ಹೇಳುವ ಒಂದು ಲೇಖನ ಹಾಕಿ. ನನ್ನ ಹೆಸರು ಬೇಡ.’

ಸಂಪಾದಕರ ಉತ್ತರ:

ಸೂಪರ್‌ವೈಸರ್ ಸಾಹೇಬರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಹುಡುಗನ ಮನೆಗೆ ಫೋನ್ ಮಾಡುವ ಕೆಲಸ ಯಾರಿಗೂ ಬೇಡ. ಹೆಲ್ಮೆಟ್ ಅಂದರೆ ನಗುವವರು, ಏಣಿಯ ತುದಿ ಮೆಟ್ಟಿಲ ಮೇಲೆ ಸರ್ಕಸ್ ಮಾಡುವವರು ಇದ್ದಾರೆ, ಒಪ್ಪಿದೆ. ಆದರೂ ನೀವು ಕೇಳಿದ ಲೇಖನ ನಾನು ಹಾಕುವುದಿಲ್ಲ.

‘ಏಣಿಯಿಂದ ಆಯತಪ್ಪಿ ಬಿದ್ದು ಕಾರ್ಮಿಕ ಸಾವು.’ ಈ ತಲೆಬರಹ ನಾವೆಲ್ಲ ಎಷ್ಟು ಸಲ ಓದಿದ್ದೇವೆ, ನಾನೇ ಎಷ್ಟು ಸಲ ಕೊಟ್ಟಿದ್ದೇನೆ! ಆ ಸಾಲಿನಲ್ಲಿ ಇರುವುದು ಒಬ್ಬನೇ ಮನುಷ್ಯ, ಬಿದ್ದವನು. ಏಣಿ ಯಾರು ಕೊಟ್ಟರು, ಎಷ್ಟು ಹಳೆಯದು, ಬೇಗ ಮುಗಿಸು ಅಂತ ಯಾರು ಅವಸರ ಮಾಡಿದರು, ಇದ್ಯಾವುದೂ ಇಲ್ಲ. ‘ಆಯತಪ್ಪಿ’ ಅಂದುಬಿಟ್ಟರೆ ಸುದ್ದಿ ಮುಗಿಯಿತು, ಅಲ್ವಾ?

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯ ಮಾತು. ನನ್ನ ಮೇಜಿನ ಮೇಲಿದ್ದ ಟ್ಯೂಬ್‌ಲೈಟ್ ಕೆಟ್ಟಿತ್ತು. ಟೆಕ್ನೀಷಿಯನ್ ಮಡಚುವ ಏಣಿ ತಂದ. ಬಿಡಿಸಿ ನಿಲ್ಲಿಸಲು ಜಾಗವೇ ಇರಲಿಲ್ಲ, ಅಲ್ಲೊಂದು ಕಬ್ಬಿಣದ ಬೀರು ಇತ್ತು. ‘ಇದನ್ನ ಸ್ವಲ್ಪ ಸರಿಸಬಹುದಾ ಸರ್?’ ಅಂದ. ಅದರೊಳಗೆ ಹಳೆ ಸಂಚಿಕೆಗಳು ತುಂಬಿದ್ದವು. ‘ಇವತ್ತು ಹೇಗೋ ಮಾಡಿಬಿಡಪ್ಪಾ, ಪುಟ ಹೋಗಬೇಕು’ ಅಂದೆ ನಾನು. ಅವನು ಏಣಿಯನ್ನು ಮಡಚಿದ ಹಾಗೇ ಗೋಡೆಗೆ ಒರಗಿಸಿದ. ಒಂದು ಕಾಲಿಗೆ ರಬ್ಬರ್ ಬುಷ್ ಇರಲಿಲ್ಲ, ಅದರಡಿ ರಟ್ಟು ಮಡಚಿ ಇಟ್ಟ. ಮೊದಲ ನಾಲ್ಕು ಮೆಟ್ಟಿಲು ಹತ್ತುವವರೆಗೆ ಏಣಿ ಅಲುಗಲಿಲ್ಲ. ಆರನೆಯದಕ್ಕೆ ಕಾಲಿಟ್ಟ. ರಟ್ಟು ಸರಕ್ಕನೆ ನನ್ನ ಚಪ್ಪಲಿಯವರೆಗೆ ಜಾರಿ ಬಂತು. ಮಣಿಕಟ್ಟು ಮುರಿಯಿತು. ವರದಿಯಲ್ಲಿ ಕಾರಣ ‘ಅಜಾಗರೂಕತೆ’ ಎಂದಿತ್ತು. ಸಾಕ್ಷಿಯ ಜಾಗದಲ್ಲಿ ಸಹಿ ನನ್ನದು.

ಮೊದಲ ಮೆಟ್ಟಿಲುಗಳಲ್ಲಿ ಅಲುಗದೆ ನಿಲ್ಲುವುದೇ ಏಣಿಯ ಮೋಸ. ಒರಗಿಸಿದ ಏಣಿಯ ಮೇಲೆ ಮನುಷ್ಯ ಎತ್ತರಕ್ಕೆ ಹೋದಷ್ಟೂ ಬುಡವನ್ನು ಹೊರಗೆ ತಳ್ಳುವ ಒತ್ತಡ ಜಾಸ್ತಿಯಾಗುತ್ತದೆ. ಕೆಳಗೆ ನಿಂತು ಅಲ್ಲಾಡಿಸಿ ‘ಗಟ್ಟಿ ಇದೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. 4 ಮೀಟರ್ ಎತ್ತರದಲ್ಲಿ ಏಣಿ ತಾಗುವುದಾದರೆ ಬುಡ ಗೋಡೆಯಿಂದ 1 ಮೀಟರ್ ದೂರ ಇರಬೇಕು ಎನ್ನುವ ಲೆಕ್ಕ ಸುಮ್ನೆ ಬಂದಿದ್ದಲ್ಲ. ಆ ಒಂದು ಮೀಟರ್ ಜಾಗದಲ್ಲಿ ಬೀರು ಇದ್ದರೆ ಹುಡುಗ ಏನು ಮಾಡಬೇಕು? ಎರಡು ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ಜಾಗರೂಕತೆಗೆ ಅಲ್ಲಿ ಸಮಯವೆಲ್ಲಿದೆ?

ಇನ್ನು ನಿಮ್ಮ ಪೋಸ್ಟರ್. ಎರಡು ಕಾಲು, ಒಂದು ಕೈ ಸದಾ ಏಣಿಯ ಮೇಲಿರಲಿ ಎಂದು ಅದರಲ್ಲಿ ಇದ್ದೇ ಇರುತ್ತದೆ. ಹತ್ತಿ ಇಳಿಯುವಾಗ ಒಳ್ಳೆಯ ಮಾತೇ. ಆದರೆ ಮೇಲೆ ನಿಂತು ಕವರ್ ಹಿಡಿಯಲು ಒಂದು ಕೈ, ಸ್ಕ್ರೂ ತಿರುಗಿಸಲು ಒಂದು ಕೈ. ಮೂರನೆಯದನ್ನು ಸ್ಟೋರ್‌ನಿಂದ ಇಂಡೆಂಟ್ ಹಾಕಿ ತರಿಸಬೇಕೇ? ಎತ್ತರದಲ್ಲಿ ಮಾಡುವ ಕೆಲಸದ ಬಗ್ಗೆ ಬ್ರಿಟನ್ ಮಾಡಿದ 2005ರ ನಿಯಮಗಳು ಶುರುವಾಗುವುದೇ ಬೇರೆ ಪ್ರಶ್ನೆಯಿಂದ: ಈ ಕೆಲಸಕ್ಕೆ ಎತ್ತರಕ್ಕೆ ಹೋಗಲೇಬೇಕಾ? ನೆಲದಲ್ಲೇ ಮಾಡಲು ಬರುತ್ತದಾ? ಏಣಿ ಏನಿದ್ದರೂ ಅಪಾಯ ಕಮ್ಮಿ ಇರುವ, ಬೇಗ ಮುಗಿಯುವ ಕೆಲಸಕ್ಕೆ. ನಮ್ಮಲ್ಲಿ ಏಣಿ ಮೊದಲು ಬರುತ್ತದೆ, ಯೋಚನೆ ಆಮೇಲೆ.

ಬಿದ್ದವನ ತಪ್ಪು ಅನ್ನುವುದಕ್ಕೆ ಹಳೆಯ ಅಂಕಿಯೊಂದರ ಬೆಂಬಲವೂ ಇದೆ. ಅಮೆರಿಕದ ಹೈನ್‌ರಿಚ್ ಎಂಬಾತ 1931ರಲ್ಲಿ ಪುಸ್ತಕ ಬರೆದು, ನೂರರಲ್ಲಿ 88 ಅವಘಡಗಳಿಗೆ ಕೆಲಸಗಾರರ ನಡವಳಿಕೆಯೇ ಕಾರಣ ಎಂದ. ಆತ ವಿಮಾ ಕಂಪನಿಯವನು. ನೋಡಿದ್ದು ವಿಮೆಯ ಕಡತ, ಕಾರ್ಖಾನೆಯವರು ಇಟ್ಟ ದಾಖಲೆ. ಅವುಗಳಲ್ಲಿ ಕಾರಣ ತುಂಬುತ್ತಿದ್ದವರು ಹೆಚ್ಚಾಗಿ ಯಾರು ಗೊತ್ತೇ? ಬೇಜಾರು ಮಾಡಿಕೊಳ್ಳಬೇಡಿ, ಸೂಪರ್‌ವೈಸರ್‌ಗಳು. ನನ್ನ ಸಹಿಯಂಥ ಸಹಿಗಳು ಎಷ್ಟಿದ್ದವೋ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಲಸದ ಜಾಗದ ಕೆಳಗೆ ಬಲೆ ಕಟ್ಟಿದ್ದರು. ಬಲೆಗೆ ಬಿದ್ದು ಬದುಕಿದವರು 19 ಜನ. ‘ನೀನು ಎಚ್ಚರವಾಗಿದ್ದೆಯಾ?’ ಅಂತ ಬಲೆ ಕೇಳಲಿಲ್ಲ. ಹಾಗಂತ ಬಲೆ ಕಟ್ಟಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. 1937ರ ಫೆಬ್ರವರಿಯಲ್ಲಿ ಅಟ್ಟಣಿಗೆಯೇ ಕಳಚಿ ಬಲೆಯನ್ನು ಹರಿದುಕೊಂಡು ಹೋಯಿತು, 10 ಜನ ಸತ್ತರು. ಅವರನ್ನೂ ಆಯತಪ್ಪಿದವರು ಅನ್ನೋಣವೇ?

ಈ ಚಾಳಿ ಏಣಿಗೆ ಮಾತ್ರ ಅಂಟಿದ್ದಲ್ಲ. ರೈಲು ಹಳಿ ತಪ್ಪಿದರೆ ಚಾಲಕ. ಔಷಧಿ ಅದಲುಬದಲಾದರೆ ನರ್ಸ್. ಎಲ್ಲ ಕಡೆಯೂ ಕೊನೆಯಲ್ಲಿ ಮುಟ್ಟಿದವನ ಕೈಯೇ ಸಿಗುತ್ತದೆ, ಹಿಡಿಯಲು ಸುಲಭ. ನಮ್ಮ ಕಸುಬಂತೂ ಇದರಲ್ಲಿ ಎಲ್ಲರಿಗಿಂತ ಮುಂದೆ. ತಪ್ಪು ಅಚ್ಚಾದರೆ ಹೊರಿಸಲು ನಾವು ಒಬ್ಬ ರಾಕ್ಷಸನನ್ನೇ ಸಾಕಿದ್ದೇವೆ! ಒಬ್ಬನೇ ಪ್ರೂಫ್ ರೀಡರ್‌ಗೆ ರಾತ್ರಿ 40 ಪುಟ ಕೊಟ್ಟವನು ಸಂಪಾದಕ. ಬೈಸಿಕೊಳ್ಳುವವನು ಪಾಪದ ಮುದ್ರಾರಾಕ್ಷಸ.

ನಿಮಗೊಂದು ಕೆಲಸ ಹೇಳುತ್ತೇನೆ. ನಾಳೆ ಸ್ಟೋರ್‌ಗೆ ಹೋಗಿ ಏಣಿಗಳನ್ನೆಲ್ಲ ಮಲಗಿಸಿ ಕಾಲು ನೋಡಿ. ಎಷ್ಟಕ್ಕೆ ಬುಷ್ ಇದೆ, ಎಷ್ಟಕ್ಕೆ ರಟ್ಟು ಬೇಕು, ಎಣಿಸಿ ಬರೆದು ಕಳಿಸಿ. ಆ ಪತ್ರವನ್ನು ಒಂದಕ್ಷರ ಕತ್ತರಿಸದೆ ಹಾಕುತ್ತೇನೆ. ಹೆಸರು ಬೇಡವೆಂದರೆ ಬೇಡ.