ಗಡಿಯಾರದ ಬ್ಯಾಟರಿ ತೆಗೆದ ಹುಡುಗಿ ಹಠಮಾರಿ ಆಗಿರಲಿಲ್ಲ

ಪ್ರಶ್ನೆ: ನನಗೀಗ 38 ವರ್ಷ. 19ನೇ ವಯಸ್ಸಿನಲ್ಲಿ ನನಗೆ ಖಿನ್ನತೆ ಅಂದರು. 24ರಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಏರಿ, ಒಮ್ಮೆ ತೀರಾ ಕುಸಿಯುವ ಕಾಯಿಲೆ) ಅಂದರು. 31ರಲ್ಲಿ ಇನ್ನೊಬ್ಬ ವೈದ್ಯರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಂಬಂಧಗಳು ಹಿಡಿತಕ್ಕೆ ಸಿಗದ ವ್ಯಕ್ತಿತ್ವದ ತೊಂದರೆ) ಅಂತ ಬರೆದುಕೊಟ್ಟರು. ಮಾತ್ರೆ ಬದಲಾದವು, ಡೋಸ್ ಬದಲಾಯಿತು, ನಾನು ಮಾತ್ರ ಹಾಗೇ ಉಳಿದೆ. ಹೋದ ವರ್ಷ ಅಕ್ಕನ ಮಗನಿಗೆ ಆಟಿಸಂ (ಮೆದುಳು ಚಿಕ್ಕಂದಿನಿಂದಲೇ ಬೇರೆ ರೀತಿ ಬೆಳೆಯುವ ಸ್ಥಿತಿ) ಇದೆ ಅಂತ ಗೊತ್ತಾಯಿತು. ಅವನ ರಿಪೋರ್ಟ್ ಓದುವಾಗ ನನ್ನದೇ ಬಾಲ್ಯ ಓದಿದ ಹಾಗಾಯಿತು. ಎಂಟು ವರ್ಷದವಳಿದ್ದಾಗ ಗಡಿಯಾರದ ಟಿಕ್ ಟಿಕ್ ಸದ್ದು ತಡೆಯಲಾಗದೆ, ರಾತ್ರಿ ಎದ್ದು ಕುರ್ಚಿ ಹತ್ತಿ ಅದರ ಬ್ಯಾಟರಿ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಮರುದಿನ ಎಲ್ಲರಿಗೂ ತಡವಾಗಿ ನನಗೆ ಏಟು ಬಿತ್ತು, ಹಠಮಾರಿ ಅನ್ನೋ ಹೆಸರೂ ಬಂತು. ಎರಡು ತಿಂಗಳ ಹಿಂದೆ ನನಗೂ ಆಟಿಸಂ ಅಂತ ಖಚಿತವಾಯಿತು. ಮೂರು ದಿನ ಮನಸ್ಸು ಹಗುರವಾಗಿತ್ತು. ನಾಲ್ಕನೇ ದಿನದಿಂದ ಬರೀ ಅಳು. "ಇಷ್ಟು ವರ್ಷ ಎಲ್ಲ ನಿಭಾಯಿಸಿದ್ದೀಯ, ಈಗ ಯಾಕೆ ಈ ಹಣೆಪಟ್ಟಿ?" ಅಂತಾರೆ ಗಂಡ. "ಹಾಗಾದ್ರೆ ನಾನು ನಿನ್ನನ್ನ ಸರಿಯಾಗಿ ಬೆಳೆಸಲಿಲ್ಲ ಅಂತಾನಾ?" ಅಂತ ಅಮ್ಮ ಮುಖ ತಿರುಗಿಸಿದರು. ನಾನು ನೆಪ ಹುಡುಕುತ್ತಿದ್ದೇನಾ? ಆಫೀಸಿನಲ್ಲಿ ಹೇಳಬೇಕಾ? ಹಳೇ ಮಾತ್ರೆ ನಿಲ್ಲಿಸಬಹುದಾ? ಈ ಇಪ್ಪತ್ತು ವರ್ಷ ನಾನು ಯಾರಾಗಿದ್ದೆ?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ರೋಗದ ಹೆಸರು ತಪ್ಪಾಗಿದ್ದರೂ ನಿಮ್ಮ ಮೈ ಆ ಮಾತ್ರೆಗಳಿಗೆ ಒಗ್ಗಿಹೋಗಿರುತ್ತದೆ. ಥಟ್ಟನೆ ಬಿಟ್ಟರೆ ನಿದ್ದೆ ಕೆಡಬಹುದು, ತಲೆ ಸುತ್ತಬಹುದು, ಕೆಲವು ಮಾತ್ರೆ ಬಿಟ್ಟಾಗ ಫಿಟ್ಸ್ ಕೂಡ ಬರಬಹುದು. ಹೊಸ ರಿಪೋರ್ಟ್ ತೆಗೆದುಕೊಂಡು ನಿಮ್ಮ ಮನೋವೈದ್ಯರ ಹತ್ತಿರ ಹೋಗಿ. ಒಂದೊಂದೇ ಮಾತ್ರೆ ತೋರಿಸಿ "ಇದು ಈಗ ಯಾವುದಕ್ಕೆ?" ಅಂತ ಕೇಳಿ. ಬಿಡಬೇಕಾದ್ದನ್ನು ನಿಧಾನವಾಗಿ ಕಡಿಮೆ ಮಾಡುತ್ತಾ ಬಿಡಿಸುತ್ತಾರೆ. ಆಟಿಸಂಗೆ ಅಂತಲೇ ಮಾತ್ರೆ ಇಲ್ಲ, ಆದರೆ ಆಟಿಸ್ಟಿಕ್ ಜನರಿಗೆ ಖಿನ್ನತೆ, ಆತಂಕ ಬರುವುದು ಸಾಮಾನ್ಯ. 19ರಲ್ಲಿ ನಿಮಗೆ ಖಿನ್ನತೆ ಇದ್ದದ್ದು ನಿಜವೇ ಇರಬಹುದು. ಅದರ ಹಿಂದೆ ಏನಿತ್ತು ಅಂತ ಯಾರೂ ನೋಡಲಿಲ್ಲ, ಅಷ್ಟೇ. ಮತ್ತೆ, ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ಅವತ್ತೇ ವೈದ್ಯರಿಗೆ ಹೇಳಿ, ಮನೆಯಲ್ಲೂ ಒಬ್ಬರಿಗೆ ಹೇಳಿ.

ಇನ್ನು ನೆಪದ ಮಾತು. ಎಂಟು ವರ್ಷದ ಮಗು ನಡುರಾತ್ರಿ ಕತ್ತಲಲ್ಲಿ ಕುರ್ಚಿ ಎಳೆದು ಗೋಡೆಯ ಗಡಿಯಾರಕ್ಕೆ ಕೈ ಹಾಕುತ್ತದೆ ಅಂದರೆ ಆ ಸದ್ದು ಅದಕ್ಕೆ ಎಷ್ಟು ನೋವು ಕೊಟ್ಟಿರಬೇಕು! ಸಿಕ್ಕಿಬಿದ್ದರೆ ಏಟು ಅಂತ ಅದಕ್ಕೆ ಗೊತ್ತಿತ್ತು. ಆದರೂ ಹತ್ತಿತು. ನೆಪ ಹುಡುಕುವವರು ಹೀಗೆ ಮಾಡುವುದಿಲ್ಲ. ಮೂವತ್ತು ವರ್ಷ ಹಿಂದಿನ ಆ ರಾತ್ರಿಗೆ ಕಾರಣ ಈಗ ಸಿಕ್ಕಿದೆ, ಅದನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳುವುದು ಬೇಡ.

ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಂತ ನೀವು ರಾತ್ರಿಯೆಲ್ಲ ಯೋಚಿಸುತ್ತಿರುತ್ತೀರಿ. ಅದಕ್ಕೊಂದು ಇತಿಹಾಸವೇ ಇದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದಾಗ ಅವರ ಮುಂದಿದ್ದದ್ದು 11 ಮಕ್ಕಳು. ಅದರಲ್ಲಿ ಎಂಟು ಗಂಡು, ಮೂರೇ ಹೆಣ್ಣು. ಅವರಿಗೂ ಮೊದಲೇ, 1920ರ ದಶಕದಲ್ಲಿ, ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಇಂಥದ್ದೇ ಮಕ್ಕಳ ಬಗ್ಗೆ ಬರೆದಿದ್ದರು, ಆದರೆ ಆ ಬರಹವನ್ನು ಜಗತ್ತು ತುಂಬ ಕಾಲ ಗಮನಿಸಲೇ ಇಲ್ಲ. ಆಟಿಸಂ ಅಂದರೆ ಮಾತು ಬಾರದ, ಒಬ್ಬನೇ ಆಡುವ ಗಂಡು ಹುಡುಗ ಅನ್ನುವ ಚಿತ್ರ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಚೆನ್ನಾಗಿ ಓದುವ, ಕೇಳಿದ್ದಕ್ಕೆ ನಗುತ್ತಾ ಉತ್ತರ ಕೊಡುವ ಹುಡುಗಿ ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ವೈದ್ಯರು ಬಳಸುವ ಕೈಪಿಡಿ, ಡಿಎಸ್‌ಎಂ, ಅದರ ಐದನೇ ಆವೃತ್ತಿ ಬಂದದ್ದು 2013ರಲ್ಲಿ. ಸದ್ದು, ಬೆಳಕು, ಸ್ಪರ್ಶ ಇವು ಅತಿಯಾಗಿ ತಾಗುವುದು ಅಥವಾ ತಾಗದೇ ಇರುವುದು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು ಆಗ. ಈ ಲಕ್ಷಣಗಳು ಚಿಕ್ಕಂದಿನಿಂದಲೇ ಇದ್ದರೂ ಮುಂದೆ ಕಲಿತ ಉಪಾಯಗಳ ಹಿಂದೆ ಮುಚ್ಚಿಹೋಗಿರಬಹುದು ಅನ್ನುವ ಮಾತನ್ನೂ ಆಗಲೇ ಬರೆದರು. ಲೆಕ್ಕ ಹಾಕಿ ನೋಡಿ. ನಿಮಗೆ ಮೊದಲ ಎರಡು ಹೆಸರು ಕೊಟ್ಟಾಗ ಆ ಸಾಲುಗಳು ಇರಲೇ ಇಲ್ಲ. ಮೂರನೆಯದು ಕೊಟ್ಟಾಗ ಇದ್ದವು. ಆಗ ಯಾರಾದರೂ ಒಂದು ಗಂಟೆ ಕೂತು ನಿಮ್ಮ ಬಾಲ್ಯದ ಬಗ್ಗೆ ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೆ ನಿಮಗೆ ಸಿಟ್ಟು ಬಂದರೆ ಆ ಸಿಟ್ಟು ನ್ಯಾಯವಾದದ್ದೇ.

ನಿಮ್ಮ ಉದ್ದನೆಯ ಪತ್ರದಲ್ಲಿ ಇನ್ನೂ ಕೆಲವು ವಿಷಯ ಇದ್ದವು, ಮೇಲೆ ಹಾಕಿಲ್ಲ. 24ರಲ್ಲಿ ಮೂರು ವಾರ ರಾತ್ರಿ ಎರಡು ಗಂಟೆಯವರೆಗೆ ಕೂತು ಪಾಚಿಯ ಬಗ್ಗೆ ಓದಿದಿರಿ. ಕಲ್ಲಿನ ಮೇಲಿನ ಪಾಚಿ, ಮರದ ತೊಗಟೆಯ ಪಾಚಿ, ಎಲ್ಲದರ ಚಿತ್ರ ಬರೆದು ನೋಟ್‌ಬುಕ್ ತುಂಬಿಸಿದಿರಿ. ಆಮೇಲೆ ಒಂದು ಸಮಾರಂಭಕ್ಕೆ ಹೋಗಿ ಬಂದವರು ಚಪ್ಪಲಿಯನ್ನೂ ಬಿಚ್ಚದೆ ಬೆಡ್‌ರೂಮಿನ ನೆಲದ ಮೇಲೆ ಕೂತು ಒಂದು ಗಂಟೆ ಬಿಕ್ಕಿ ಬಿಕ್ಕಿ ಅತ್ತಿರಿ. ಒಂದು ಕಡೆ ನಿದ್ದೆ ಬಿಡುವಷ್ಟು ಉತ್ಸಾಹ, ಇನ್ನೊಂದು ಕಡೆ ಕುಸಿತ, ಸರಿ, ಬೈಪೋಲಾರ್ ಅಂದುಬಿಟ್ಟರು. ಬೈಪೋಲಾರ್‌ನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ಹೊರಗೆ ಕಾರಣವೇ ಕಾಣದೆಯೂ ಬರುತ್ತದೆ. ನಿಮ್ಮ ಅಳು ಬಂದದ್ದು ನಾಲ್ಕು ಗಂಟೆ ಗದ್ದಲದಲ್ಲಿ ನಿಂತು ನಕ್ಕ ಮೇಲೆ, ಹೋದದ್ದು ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಸುಮ್ನೆ ಇದ್ದ ಮೇಲೆ. ಇದನ್ನು ಮೆಲ್ಟ್‌ಡೌನ್ ಅನ್ನುತ್ತಾರೆ. ತುಂಬಿದ ಪಾತ್ರೆ ಉಕ್ಕಿತು, ಅಷ್ಟೇ. ಮತ್ತೆ ಪಾಚಿ? ಅದು ನಿಮ್ಮ ಪ್ರೀತಿ. ರೋಗದ ಖಾತೆಗೆ ಬರೆದ ಅದನ್ನು ವಾಪಸ್ ತೆಗೆದುಕೊಳ್ಳಿ. ಆ ನೋಟ್‌ಬುಕ್ ಇನ್ನೂ ಇದೆಯಾ?

ಬಾರ್ಡರ್‌ಲೈನ್ ವಿಷಯವೂ ಹೀಗೇ ಆಗಿರಬಹುದು. ಭಾವನೆಗಳು ಜೋರಾಗಿ ಬರುತ್ತವೆ, ಸ್ನೇಹಗಳು ಉಳಿಯುವುದಿಲ್ಲ, ತಾನು ಯಾರು ಅಂತ ಗೊತ್ತಿಲ್ಲ. ಮೇಲಿನಿಂದ ನೋಡಿದರೆ ಬಾರ್ಡರ್‌ಲೈನ್, ಆಟಿಸಂ ಎರಡೂ ಒಂದೇ ಥರ ಕಾಣುತ್ತವೆ, ಕೆಲವರಿಗೆ ಎರಡೂ ಇರುತ್ತವೆ ಕೂಡ. ಆದರೆ ಎಂಟನೇ ವಯಸ್ಸಿನಿಂದ ಬೇರೆಯವರನ್ನು ನೋಡಿ ನೋಡಿ ಅವರ ಹಾಗೆ ನಡೆದುಕೊಂಡವರಿಗೆ ತಾನು ಯಾರು ಅಂತ ಹೇಗೆ ಗೊತ್ತಾಗಬೇಕು ಹೇಳಿ?

ನಿಮ್ಮ ಗಂಡನ ಮಾತಿಗೂ ಉತ್ತರ ಇಲ್ಲೇ ಇದೆ. "ನಿಭಾಯಿಸಿದ್ದೀಯ" ಅಂತಾರೆ. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಅವರು ನೋಡಿದ್ದು ನೀವು ಫೋನಿನಲ್ಲಿ ಚೆನ್ನಾಗಿ ಮಾತಾಡಿದ್ದನ್ನು. ಫೋನ್ ಮಾಡುವ ಮೊದಲು ನೀವು ಒಂದು ಚೀಟಿಯಲ್ಲಿ "ಹಲೋ, ಹೇಗಿದ್ದೀರಿ, ಒಂದು ನಿಮಿಷ ಮಾತಾಡಬಹುದಾ" ಅಂತ ಬರೆದುಕೊಂಡು, ಅವರು ಹೀಗಂದರೆ ಹೀಗೆ, ಹಾಗಂದರೆ ಹಾಗೆ ಅಂತ ಬಾಣದ ಗುರುತು ಹಾಕಿಕೊಂಡು, ಮುಗಿದ ಮೇಲೆ ಆ ಚೀಟಿ ಹರಿದು ಎಸೆದದ್ದನ್ನು ಅವರು ನೋಡಿಲ್ಲ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ, ಮುಖವಾಡ ಹಾಕುವುದು. ಯಾರನ್ನೂ ಮೋಸ ಮಾಡಲು ಅಲ್ಲ, ಏಟು ತಪ್ಪಿಸಿಕೊಳ್ಳಲು ಚಿಕ್ಕಂದಿನಲ್ಲಿ ಕಲಿತದ್ದು. ಮುಂದಿನ ಸಲ ಆ ಚೀಟಿ ಹರಿಯಬೇಡಿ. ಅವರ ಕೈಗೆ ಕೊಡಿ. ವಾದ ಮಾಡುವುದಕ್ಕಿಂತ ಅದು ಜಾಸ್ತಿ ಹೇಳುತ್ತದೆ. "ನಾನು ನಿಭಾಯಿಸಿದ್ದು ಹೀಗೆ. ಇನ್ನು ಇಷ್ಟು ಶಕ್ತಿ ಇಲ್ಲ" ಅನ್ನಿ. ಹೆಂಡತಿ ಬದಲಾಗಿಬಿಟ್ಟಳಾ ಅನ್ನುವ ಭಯ ಅವರಿಗಿರಬಹುದು. ಹನ್ನೊಂದು ವರ್ಷದಿಂದ ಜೊತೆಗಿರುವವಳು ನೀವೇ, ಎಷ್ಟು ಸುಸ್ತಾಗಿದ್ದೀರಿ ಅಂತ ಅವರಿಗೆ ಈಗ ತಿಳಿಯುತ್ತಿದೆ.

ಅಮ್ಮನ ಬಗ್ಗೆ ಸ್ವಲ್ಪ ಮೆತ್ತಗೆ ಇರಿ ಅಂತ ಕೇಳಿಕೊಳ್ಳುತ್ತೇನೆ. ತಾಯಿಯ ಪ್ರೀತಿ ಸಾಲದೆ ಮಗುವಿಗೆ ಆಟಿಸಂ ಬರುತ್ತದೆ ಅಂತ 1950, 60ರ ದಶಕಗಳಲ್ಲಿ ವೈದ್ಯರೇ ಹೇಳುತ್ತಿದ್ದರು. ಅಂಥ ತಾಯಂದಿರನ್ನು "ರೆಫ್ರಿಜರೇಟರ್ ತಾಯಿ" ಅಂತ ಕರೆದರು. ಎಷ್ಟು ಕ್ರೂರ ಅಲ್ವಾ? 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ, ಆಟಿಸ್ಟಿಕ್ ಮಗನ ತಂದೆ, ಇದು ಮೆದುಳಿಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಅಂತ ಪುಸ್ತಕ ಬರೆದರು. ಆಟಿಸಂನಲ್ಲಿ ವಂಶವಾಹಿಯ ಪಾಲು ದೊಡ್ಡದು ಅಂತ ಈಗ ಗೊತ್ತಿದೆ. ನಿಮ್ಮಲ್ಲೂ ಅಕ್ಕನ ಮಗನಲ್ಲೂ ಇರುವುದು ಆಶ್ಚರ್ಯವಲ್ಲ. ಆದರೆ ತಾಯಿಯನ್ನು ದೂರುವ ಆ ಹಳೇ ನೆರಳು ಹೋಗಿಲ್ಲ. ನೀವು "ಆಟಿಸಂ" ಅಂದಾಗ ನಿಮ್ಮಮ್ಮನ ಕಿವಿಗೆ ಬಿದ್ದದ್ದು "ತಪ್ಪು ನಿನ್ನದು" ಅಂತ. ಅವರಿಂದ ಈಗಲೇ ಕ್ಷಮೆ ಕೇಳಿಸಬೇಡಿ, ಬರೀ ನೆನಪು ಕೇಳಿ. "ಅಮ್ಮಾ, ಯಾವ ಬಟ್ಟೆ ಹಾಕಿದರೆ ನಾನು ಅಳುತ್ತಿದ್ದೆ? ಮನೆಗೆ ಜನ ಬಂದಾಗ ಎಲ್ಲಿ ಹೋಗಿ ಕೂರುತ್ತಿದ್ದೆ?" ಅವರಿಗೆ ಎಲ್ಲ ನೆನಪಿರುತ್ತದೆ. ಹೇಳುತ್ತಾ ಹೇಳುತ್ತಾ ಏಟಿನ ಮಾತೂ ಬಂದೀತು. ಬರದಿದ್ದರೆ, ಆ ಏಟು ಬೀಳಬಾರದಿತ್ತು ಅಂತ ನಾನು ಹೇಳುತ್ತಿದ್ದೇನೆ.

ಆಫೀಸಿನ ವಿಷಯದಲ್ಲಿ ಅವಸರ ಬೇಡ. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹೆಸರು ಹೇಳದೆಯೂ ಬೇಕಾದ್ದನ್ನು ಕೇಳಬಹುದು. "ಕೆಲಸವನ್ನು ಬಾಯಲ್ಲಿ ಹೇಳುವುದರ ಜೊತೆ ಮೇಲ್ ಕೂಡ ಹಾಕಿ", "ಬಾಗಿಲ ಹತ್ತಿರದ ಸೀಟು ಬೇಡ", "ಮೀಟಿಂಗ್‌ನಲ್ಲಿ ಏನು ಮಾತಾಡುತ್ತೇವೆ ಅಂತ ಮೊದಲೇ ತಿಳಿಸಿ". ಇದನ್ನು ಯಾರು ಬೇಕಾದರೂ ಕೇಳಬಹುದು. ನಂಬಿಕೆಯ ಒಬ್ಬರು ಅಲ್ಲಿದ್ದರೆ ಆಮೇಲೆ ನೋಡೋಣ.

ಈಗ ನೀವು ಕೊನೆಯಲ್ಲಿ ಕೇಳಿದ್ದು: ಇಪ್ಪತ್ತು ವರ್ಷ ನಾನು ಯಾರಾಗಿದ್ದೆ?

ಇದನ್ನು ಓದಿ ನನಗೂ ಎದೆ ಭಾರವಾಯಿತು. ಮೂರು ದಿನ ಹಗುರ, ನಾಲ್ಕನೇ ದಿನದಿಂದ ಅಳು ಅಂದಿರಿ. ದೊಡ್ಡವರಾದ ಮೇಲೆ ಆಟಿಸಂ ಗೊತ್ತಾದ ಅನೇಕರಿಗೆ ಹೀಗೇ ಆಗುತ್ತದೆ. ನೆಮ್ಮದಿ ಮೊದಲು ಬರುತ್ತದೆ, ಅದರ ಹಿಂದೆಯೇ ಲೆಕ್ಕ ಶುರುವಾಗುತ್ತದೆ. ಆ ಕೆಲಸ ಬಿಡಬೇಕಿರಲಿಲ್ಲ. ಆ ಗೆಳತಿ ಹಾಗೆ ದೂರವಾಗಬೇಕಿರಲಿಲ್ಲ. ಆ ಮಾತ್ರೆಯಿಂದ ಎರಡು ವರ್ಷ ಮಂಕಾಗಿ ಕಳೆದೆ. ಹೀಗೆ ಒಂದೊಂದೇ ನೆನಪಾಗುತ್ತದೆ, ಪ್ರತಿಯೊಂದಕ್ಕೂ ಅಳು ಬರುತ್ತದೆ. "ಈಗಲಾದರೂ ಗೊತ್ತಾಯಿತಲ್ಲ, ಖುಷಿಪಡು" ಅಂತ ಯಾರಾದರೂ ಅಂದರೆ ಆ ಮಾತನ್ನು ಪಕ್ಕಕ್ಕಿಡಿ. ನಿಮ್ಮನ್ನು ನೀವು ಒಪ್ಪಿಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕೆ ಗಡುವು ಹಾಕಿಕೊಂಡರೆ ಅದೂ ಇನ್ನೊಂದು ಪರೀಕ್ಷೆಯಾಗುತ್ತದೆ. ಪರೀಕ್ಷೆಗಳು ಸಾಕಷ್ಟು ಆಗಿವೆ ನಿಮಗೆ.

ಯಾರಾಗಿದ್ದೆ ಅಂದರೆ, ಆಗಲೂ ನೀವೇ. ಪಾಚಿಯ ಚಿತ್ರ ಬರೆದವರು ನೀವು. ಚೀಟಿ ಬರೆದುಕೊಂಡು ಫೋನ್ ಮಾಡಿ, ಕೆಲಸ ಮಾಡಿಸಿಕೊಂಡವರೂ ನೀವೇ. ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ತಯಾರಾಗಿರಿ. ಮುಂದಿನ ತಿಂಗಳುಗಳಲ್ಲಿ ಸದ್ದು ಮೊದಲಿಗಿಂತ ಜಾಸ್ತಿ ಚುಚ್ಚಬಹುದು, ಜನರ ನಡುವೆ ಬೇಗ ಸುಸ್ತಾಗಬಹುದು. ಇರುವುದೂ ಹಾಳಾಯಿತು, ರಿಪೋರ್ಟ್ ಓದಿ ಹೀಗಾದೆ ಅಂತ ಹೆದರಬೇಡಿ. ಮೊದಲೂ ಅಷ್ಟೇ ಚುಚ್ಚುತ್ತಿತ್ತು, ನೀವು ಹಲ್ಲು ಕಚ್ಚಿಕೊಂಡು ಕೂತಿದ್ದಿರಿ. ಈಗ ಹಲ್ಲು ಸಡಿಲಿಸಿದ್ದೀರಿ. ಮನೆಯಲ್ಲಿ, ಒಬ್ಬರೇ ಇರುವಾಗ, ಕೈ ಅಲ್ಲಾಡಿಸಬೇಕು ಅನ್ನಿಸಿದರೆ ಅಲ್ಲಾಡಿಸಿ. ಕೂತಲ್ಲೇ ತೂಗಬೇಕು ಅನ್ನಿಸಿದರೆ ತೂಗಿ. ಯಾರೋ ನಿಲ್ಲಿಸು ಅಂದಿದ್ದಕ್ಕೆ ನಿಲ್ಲಿಸಿದ್ದು ಅದು, ಮೈಗೆ ಸಮಾಧಾನ ಕೊಡುವ ಚಲನೆ.

ಸಾಧ್ಯವಾದರೆ ಆಟಿಸ್ಟಿಕ್ ಆದ ಬೇರೆ ದೊಡ್ಡವರನ್ನು ಹುಡುಕಿ ಮಾತಾಡಿ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಅವರೂ ಆಟಿಸ್ಟಿಕ್, ಒಂದು ಮಾತು ಹೇಳಿದರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ, ಆಟಿಸ್ಟಿಕ್ ವ್ಯಕ್ತಿಯ ಕೊರತೆ ಮಾತ್ರ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಕತೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ನೋಡಿದರು. ಬರೀ ಆಟಿಸ್ಟಿಕ್ ಜನರ ಸಾಲಿನಲ್ಲಿ ಕತೆ ಉಳಿದಷ್ಟೇ ಆಟಿಸ್ಟಿಕ್ ಅಲ್ಲದವರ ಸಾಲಿನಲ್ಲೂ ಉಳಿಯಿತು. ಜಾಸ್ತಿ ಸೋರಿಹೋದದ್ದು ಇಬ್ಬರೂ ಬೆರೆತ ಸಾಲಿನಲ್ಲಿ. ಇಪ್ಪತ್ತು ವರ್ಷ ನಿಮ್ಮ ಮಾತು ಸೋರಿಹೋಗುತ್ತಿದ್ದದ್ದು ಅಲ್ಲಿ. ಅರ್ಧ ವಾಕ್ಯಕ್ಕೇ ಅರ್ಥವಾಗುವವರು ಸಿಕ್ಕಾಗ ಹೇಗಿರುತ್ತದೆ ಅಂತ ನೀವು ನೋಡಬೇಕು ಅನ್ನುವುದು ನನ್ನ ಆಸೆ.

ಮತ್ತೆ, ನಿಮ್ಮ ಬೆಡ್‌ರೂಮಿನಲ್ಲಿ ಈಗ ಗಡಿಯಾರ ಇದೆಯಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಇವತ್ತು ರಾತ್ರಿ ಗಂಡನಿಗೆ "ಆ ಸದ್ದು ನನಗೆ ನೋವು ಕೊಡುತ್ತೆ" ಅಂತ ಅಷ್ಟೇ ಹೇಳಿ, ವಿವರಣೆ ಬೇಡ. ಆಮೇಲೆ ಅದನ್ನು ಇಬ್ಬರೂ ಸೇರಿ ಹಾಲ್‌ನಲ್ಲಿ ತೂಗುಹಾಕಿ. ನಿದ್ದೆ ಹೇಗೆ ಬಂತು ಅಂತ ನನಗೆ ಬರೆಯಿರಿ.