ಈಗಷ್ಟೇ ಸೇರಿಸಿದ ಸಾಲಿನ ಐಡಿ ಪಡೆಯುವುದು ಹೇಗೆ?

ಪ್ರಶ್ನೆ: ಡೇಟಾಬೇಸ್‌ನ ಆರ್ಡರ್ ಟೇಬಲ್‌ಗೆ ಒಂದು ಸಾಲು ಸೇರಿಸಿದ್ದೇನೆ. ಐಟಂ ಟೇಬಲ್‌ಗೆ ಹಾಕಲು ಅದರ ಐಡಿ ಬೇಕು. ಮ್ಯಾಕ್ಸ್(ಐಡಿ), ಅಂದರೆ ಟೇಬಲ್‌ನ ಅತಿ ದೊಡ್ಡ ಐಡಿ, ಕೇಳಿದರೆ ಸಾಕಲ್ವಾ?

ಉತ್ತರ: ಸಾಲದು. ನೀವೊಬ್ಬರೇ ಟೆಸ್ಟ್ ಮಾಡುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ನಿಮ್ಮ ಸಾಲಿಗೆ 41 ಸಿಕ್ಕಿತು ಅಂದುಕೊಳ್ಳಿ. ನೀವು ಮ್ಯಾಕ್ಸ್ ಕೇಳುವಷ್ಟರಲ್ಲಿ ಬೇರೆಯವರ ಆರ್ಡರ್ 42 ಆಗಿ ಸೇರಿರಬಹುದು. ಆಗ ನಿಮ್ಮ ಐಟಂಗಳೆಲ್ಲ ಅವರ ಆರ್ಡರ್‌ಗೆ ಅಂಟಿಕೊಳ್ಳುತ್ತವೆ. ಎರರ್ ಕೂಡ ಬರುವುದಿಲ್ಲ. ತಪ್ಪು ಡೇಟಾ ಸುಮ್ನೆ ಕೂತಿರುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಲಾಸ್ಟ್_ಇನ್ಸರ್ಟ್_ಐಡಿ() ಬಳಸಿ. ಇದು ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ, ಹಾಗಾಗಿ ಬೇರೆಯವರ ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಅಡ್ಡ ಬರುವುದಿಲ್ಲ. ಆದರೆ ಇನ್ಸರ್ಟ್ ಮಾಡಿದ ಕನೆಕ್ಷನ್‌ನಲ್ಲೇ ಕೇಳಬೇಕು. ಕನೆಕ್ಷನ್ ಪೂಲ್ (ಹಂಚಿಕೊಂಡು ಬಳಸುವ ಕನೆಕ್ಷನ್‌ಗಳ ಗುಂಪು) ಇದ್ದರೆ ಇದನ್ನು ಮರೆಯುವವರೇ ಜಾಸ್ತಿ. ಇನ್ನೊಂದು ವಿಷಯ: ಒಂದೇ ಇನ್ಸರ್ಟ್‌ನಲ್ಲಿ ಹತ್ತು ಸಾಲು ಹಾಕಿದರೆ ಸಿಗುವುದು ಮೊದಲ ಸಾಲಿನ ಐಡಿ, ಕೊನೆಯದಲ್ಲ. ಹೆಸರು ನೋಡಿ ಮೋಸಹೋಗಬೇಡಿ.

ಪೋಸ್ಟ್‌ಗ್ರೆಸ್‌ನ ದಾರಿಯೇ ನನಗೆ ಹೆಚ್ಚು ಇಷ್ಟ. ಇನ್ಸರ್ಟ್‌ನ ಕೊನೆಗೆ 'ರಿಟರ್ನಿಂಗ್ ಐಡಿ' ಅಂತ ಬರೆದರೆ ಆಯಿತು, ಎರಡನೇ ಕ್ವೆರಿಯೇ ಬೇಡ. ಹಲವು ಸಾಲು ಹಾಕಿದರೆ ಎಲ್ಲದರ ಐಡಿಯೂ ಬರುತ್ತದೆ. ಎಸ್‌ಕ್ಯೂಲೈಟ್ 3.35ರಿಂದ, ಮರಿಯಾಡಿಬಿ 10.5ರಿಂದ ಇದು ಅಲ್ಲೂ ಇದೆ.

ಎಸ್‌ಕ್ಯೂಎಲ್ ಸರ್ವರ್ ಆದರೆ ಸ್ಕೋಪ್_ಐಡೆಂಟಿಟಿ(), ಹಲವು ಸಾಲುಗಳಿಗೆ ಔಟ್‌ಪುಟ್ ಕ್ಲಾಸ್ (clause). @@ಐಡೆಂಟಿಟಿ ಮಾತ್ರ ಬೇಡ. ಆರ್ಡರ್ ಟೇಬಲ್ ಮೇಲಿನ ಟ್ರಿಗರ್ (ಸಾಲು ಸೇರಿದಾಗ ತಾನಾಗಿಯೇ ಓಡುವ ಕೋಡ್) ಯಾವುದೋ ಲಾಗ್ ಟೇಬಲ್‌ಗೆ ಸಾಲು ಬರೆದರೆ, ಅದು ಆ ಲಾಗ್‌ನ ಐಡಿಯನ್ನು ತಂದು ಕೊಡುತ್ತದೆ.